ಐಇಎಲ್‌ಟಿಎಸ್, ಟೋಫೆಲ್, ಪಿಟಿಇ: ಮೂರನ್ನೂ ಬರೆದ ಮೇಲೆ ಹೇಳುತ್ತಿದ್ದೇನೆ

ವಿದೇಶದಲ್ಲಿ ಓದಲು ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆಗಳು ಇವು. "ಮೂರರಲ್ಲಿ ಯಾವುದು ಸುಲಭ?" ಅಂತ ಕೇಳುವವರೇ ಜಾಸ್ತಿ. ಮೂರನ್ನೂ ಬರೆದಿದ್ದೇನೆ, ಆದರೂ ನೇರ ಉತ್ತರ ಕೊಡುವುದಿಲ್ಲ. ನೀವು ಸೇರಬೇಕೆಂದಿರುವ ಕೋರ್ಸು ಒಂದೊಂದು ವಿಭಾಗಕ್ಕೂ (ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು) ಎಷ್ಟು ಅಂಕ ಕೇಳುತ್ತದೆ ಅಂತ ಮೊದಲು ನೋಡಿ. ಐಇಎಲ್‌ಟಿಎಸ್‌ಗೆ "ಒಟ್ಟು 6.5, ಯಾವುದರಲ್ಲೂ 6ಕ್ಕಿಂತ ಕಡಿಮೆ ಇರಬಾರದು" ಅನ್ನುವ ಷರತ್ತು ತುಂಬಾ ಕಡೆ ಇದೆ. ಕಣ್ಣಿಗೆ ಬೀಳುವುದು ಮೊದಲರ್ಧ, ಸೀಟು ತಪ್ಪಿಸುವುದು ಎರಡನೆಯದು.

ಐಇಎಲ್‌ಟಿಎಸ್ ಲೆಕ್ಕವನ್ನೇ ನೋಡಿ. 0ಯಿಂದ 9ರವರೆಗೆ ಅರ್ಧರ್ಧ ಅಂಕದ ಹಂತ, ಅದಕ್ಕೆ ಬ್ಯಾಂಡ್ ಅನ್ನುತ್ತಾರೆ. ಲಿಸನಿಂಗ್ 7, ರೀಡಿಂಗ್ 7, ಸ್ಪೀಕಿಂಗ್ 6, ರೈಟಿಂಗ್ 5.5 ಬಂತು ಅಂದುಕೊಳ್ಳಿ. ಸರಾಸರಿ 6.375, ಅದು 6.5 ಆಗುತ್ತದೆ. ಒಟ್ಟು ಅಂಕ ಸರಿಯಾಗಿಯೇ ಇದೆ, ಆದರೆ ರೈಟಿಂಗ್ 6ಕ್ಕಿಂತ ಕಡಿಮೆ, ಹಾಗಾಗಿ ಅರ್ಜಿ ತಿರಸ್ಕಾರವಾಗುತ್ತದೆ. ಅದಕ್ಕೇ ಇಲ್ಲಿ ರೈಟಿಂಗ್ ಮೇಲೆ ಕಣ್ಣಿರಬೇಕು. 60 ನಿಮಿಷದಲ್ಲಿ ಎರಡು ಬರಹ, ಒಂದು ಕನಿಷ್ಠ 150 ಪದ, ಇನ್ನೊಂದು 250. ಎರಡನೆಯದಕ್ಕೆ ಮೊದಲನೆಯದರ ಎರಡರಷ್ಟು ತೂಕ. ನಾನು ಎರಡನೆಯದನ್ನೇ ಮೊದಲು ಬರೆದು ಮುಗಿಸುತ್ತಿದ್ದೆ. ಸ್ಪೀಕಿಂಗ್‌ನಲ್ಲಿ ಎದುರಿಗೆ ಒಬ್ಬ ಮನುಷ್ಯ ಇರುತ್ತಾರೆ, 11ರಿಂದ 14 ನಿಮಿಷದ ಮಾತುಕತೆ. ಪ್ರಶ್ನೆ ಅರ್ಥವಾಗದಿದ್ದರೆ "ಇನ್ನೊಮ್ಮೆ ಹೇಳಿ" ಅನ್ನಬಹುದು. ನನಗೆ ಅದು ದೊಡ್ಡ ಧೈರ್ಯ.

ಪಿಟಿಇಯಲ್ಲಿ ಆ ಧೈರ್ಯ ಇಲ್ಲ. ಅಲ್ಲಿ ಮಾತಾಡುವುದು ಮೈಕಿಗೆ. ಮೂರು ಸೆಕೆಂಡ್ ಸುಮ್ನಿದ್ದರೆ ಮೈಕ್ ಮುಚ್ಚಿಕೊಳ್ಳುತ್ತದೆ. ಯೋಚಿಸಿ, ತಡೆದು ಮಾತಾಡುವ ಅಭ್ಯಾಸ ಇರುವವರಿಗೆ ಇದು ಕಷ್ಟ. ಆದರೆ 10ರಿಂದ 90ರ ಈ ಪರೀಕ್ಷೆಯಲ್ಲಿ ಒಂದು ಅನುಕೂಲ ಇದೆ: ಕೆಲವು ಪ್ರಶ್ನೆಗಳ ಅಂಕ ಎರಡು ಕಡೆ ಸೇರುತ್ತದೆ. ಕೇಳಿದ ವಾಕ್ಯವನ್ನು ಹಾಗೇ ಟೈಪ್ ಮಾಡುವ ಪ್ರಶ್ನೆಯಲ್ಲಿ ಸರಿಯಾದ ಪ್ರತಿ ಪದಕ್ಕೂ ಅಂಕ, ಅದೂ ಲಿಸನಿಂಗ್‌ಗೂ ರೈಟಿಂಗ್‌ಗೂ. ಸ್ಪೆಲಿಂಗ್ ಗಟ್ಟಿ ಇದ್ದು, ಪ್ರಬಂಧ ಬರೆಯುವುದೆಂದರೆ ಕೈ ಓಡದವರಿಗೆ ಪಿಟಿಇ ಒಳ್ಳೆಯದು.

ಟೋಫೆಲ್ ಗೊಂದಲ ಬೇರೆ. ನಾನು ಬರೆದಾಗ 120ರ ಲೆಕ್ಕ ಇತ್ತು. 2026ರ ಜನವರಿಯಿಂದ 1ರಿಂದ 6ರ ಅಳತೆ ಬಂದಿದೆ. ಸದ್ಯಕ್ಕೆ ಹಳೇ ಲೆಕ್ಕದ ಅಂಕವನ್ನೂ ಜೊತೆಗೇ ಕೊಡುತ್ತಾರೆ. ಟೋಫೆಲ್ ನಡೆಸುವ ಇಟಿಎಸ್‌ನ ಹಳೇ ಹೋಲಿಕೆ ಪಟ್ಟಿಯಲ್ಲಿ ಐಇಎಲ್‌ಟಿಎಸ್ 6.5 ಅಂದರೆ 79ರಿಂದ 93, 7 ಅಂದರೆ 94ರಿಂದ 101. ಎಷ್ಟು ಅಗಲದ ಜಾಗ ನೋಡಿ! 80 ತೆಗೆದವರೂ 93 ತೆಗೆದವರೂ ಅಲ್ಲಿ 6.5ರವರೇ. ಹಾಗಾದರೆ "ಟೋಫೆಲ್ 90 ಅಥವಾ ಐಇಎಲ್‌ಟಿಎಸ್ 6.5" ಅಂತ ಕೇಳುವ ವಿಶ್ವವಿದ್ಯಾಲಯದಲ್ಲಿ ಎರಡನೇ ಬಾಗಿಲೇ ಅಗಲ, ಅಲ್ವಾ? ಅದೇ "79 ಅಥವಾ 6.5" ಅಂತ ಇದ್ದರೆ ಆ ಲಾಭ ಇಲ್ಲ. ಅರ್ಜಿ ಹಾಕುವ ಪ್ರತಿ ಕಡೆಯೂ ಈ ಜೋಡಿ ಅಂಕಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ನಾನು ಕೊನೆಗೆ ಐಇಎಲ್‌ಟಿಎಸ್ ಅಂಕವನ್ನೇ ಕಳಿಸಿದ್ದು ಇದೇ ಕಾರಣಕ್ಕೆ.

ಟೋಫೆಲ್ ಸ್ಪೀಕಿಂಗ್ ಕೂಡ ಮೈಕಿಗೇ. ಪಕ್ಕದವರೂ ಅದೇ ಹೊತ್ತಿಗೆ ಮಾತಾಡುತ್ತಿರುತ್ತಾರೆ. ಮನೆಯಲ್ಲಿ ಟಿವಿ ಹಾಕಿಕೊಂಡು ಅಭ್ಯಾಸ ಮಾಡಿದ್ದು ನನಗೆ ನಿಜಕ್ಕೂ ಉಪಯೋಗಕ್ಕೆ ಬಂತು.

ಮೂರರ ಅಂಕಕ್ಕೂ ಎರಡು ವರ್ಷದ ಆಯಸ್ಸು. ಒಂದೇ ವಿಭಾಗದಲ್ಲಿ ಕಡಿಮೆ ಬಂದರೆ ಐಇಎಲ್‌ಟಿಎಸ್‌ನಲ್ಲಿ ಅದೊಂದನ್ನೇ ಮತ್ತೆ ಬರೆಯುವ ಸೌಲಭ್ಯ ಇದೆ, ಕಂಪ್ಯೂಟರ್‌ನಲ್ಲಿ ಬರೆದವರಿಗೆ. ಟೋಫೆಲ್‌ನಲ್ಲಿ ಎರಡು ವರ್ಷದೊಳಗಿನ ಪರೀಕ್ಷೆಗಳಿಂದ ಪ್ರತಿ ವಿಭಾಗದ ಒಳ್ಳೆಯ ಅಂಕ ಆರಿಸಿ ಲೆಕ್ಕ ಹಾಕಿದ ಒಟ್ಟು ಅಂಕವೂ ಸಿಗುತ್ತದೆ. ಎರಡನ್ನೂ ಎಲ್ಲ ಕಡೆ ಒಪ್ಪುವುದಿಲ್ಲ. ಶುಲ್ಕ ಕಟ್ಟುವ ಮೊದಲೇ ಪ್ರವೇಶ ವಿಭಾಗಕ್ಕೆ ಒಂದು ಮೇಲ್ ಹಾಕಿ, ಉತ್ತರ ಬರಹದಲ್ಲೇ ತರಿಸಿಕೊಳ್ಳಿ.