ಮಾರಾಟಕ್ಕೆ ಮನೆ ಸಜ್ಜುಗೊಳಿಸುವ ಸೇವೆ: ನೆಲಕ್ಕೆ ಮೆಚ್ಚುಗೆ, ಗೋಡೆಗೆ ತಕರಾರು

ಬೆಂಗಳೂರಿನ ಜಯನಗರದಲ್ಲಿ 30×40 ಅಡಿ ನಿವೇಶನದಲ್ಲಿರುವ ನಮ್ಮ ಹಳೆಯ ಮನೆಯನ್ನು ಮಾರುವ ಮೊದಲು, ಅದನ್ನು ಕೊಳ್ಳುವವರ ಕಣ್ಣಿಗೆ ಒಪ್ಪುವಂತೆ ಸಜ್ಜುಗೊಳಿಸುವ ಕೆಲಸವನ್ನು ಸಂಸ್ಥೆಯೊಂದಕ್ಕೆ ವಹಿಸಿದ್ದೆವು. ಅವರ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು ರೆಡ್ ಆಕ್ಸೈಡ್ (ಕೆಂಪು ಸಿಮೆಂಟು) ನೆಲ. ಅದರ ಮೇಲೆ ಟೈಲ್ಸ್ ಹಾಸಿಬಿಡೋಣವೆಂಬ ನಮ್ಮ ಆತುರವನ್ನು ತಡೆದು, ವರ್ಷಗಳಿಂದ ಕಟ್ಟಿದ್ದ ಮೇಣ ಮತ್ತು ಕೊಳೆಯ ಪದರವನ್ನು ತೆಗೆಸಿ, ಉಜ್ಜಿ ಹೊಳಪು ಕೊಡಿಸಿದಾಗ, ನಡುಮನೆಗೆ ಅಜ್ಜಿಯ ಕಾಲದ ಕಳೆ ಮರಳಿ ಬಂದಿತು. ಅರ್ಧದಷ್ಟು ಪೀಠೋಪಕರಣಗಳು, ಗೋಡೆ ತುಂಬಿದ್ದ ಕುಟುಂಬದ ಫೋಟೊಗಳು ಹಾಗೂ ಅಟ್ಟದ ಹಿತ್ತಾಳೆ ಪಾತ್ರೆಗಳು ಗೋದಾಮಿಗೆ ಹೋದವು. ನೋಡಲು ಬರುವವರು ಮೊದಲು ವಾಸ್ತುವಿಗಾಗಿ ದೇವರ ಮನೆಯ ದಿಕ್ಕನ್ನೇ ವಿಚಾರಿಸುತ್ತಾರೆಂದು, ಅದನ್ನು ಮಾತ್ರ ದೀಪ ಹಚ್ಚಿ ಹಾಗೆಯೇ ಉಳಿಸಿದರು.

ಆದರೆ ಬಚ್ಚಲುಮನೆಗೆ ತಾಗಿದ ಗೋಡೆಯ ವಿಷಯದಲ್ಲಿ ಅವರು ಮಾಡಿದ್ದು ಸರಿಯಲ್ಲ. ಒಳಗೆ ಸೋರುತ್ತಿದ್ದ ಪೈಪನ್ನು ಸರಿಪಡಿಸದೆ, ತೇವದ ಮೇಲೆಯೇ ಪುಟ್ಟಿ ಮೆತ್ತಿ ಬಣ್ಣ ಬಳಿದುದರಿಂದ, ಮೂರೇ ವಾರಗಳಲ್ಲಿ ಹಪ್ಪಳದಂತೆ ಎದ್ದ ಗೋಡೆಯನ್ನು ಮನೆ ಕೊಳ್ಳಲು ಬಂದವರೇ ನಮಗೆ ತೋರಿಸಬೇಕಾಯಿತು. ಪ್ಲಂಬರನ್ನು ಕೊನೆಗೆ ನಾವೇ ಕರೆಸಿದೆವು. ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ), ಋಣಭಾರ ಪ್ರಮಾಣಪತ್ರ (ಆಸ್ತಿಯ ಮೇಲಿನ ನೋಂದಾಯಿತ ಸಾಲ, ವ್ಯವಹಾರಗಳನ್ನು ತೋರಿಸುವ ಪತ್ರ) ಹೊಂದಿಸುವುದು ಈ ಸೇವೆಯ ವ್ಯಾಪ್ತಿಗೆ ಸೇರಿಲ್ಲ. ಅವು ಕೈಯಲ್ಲಿಲ್ಲದಿದ್ದರೆ, ಹೊಳೆಯುವ ನೆಲಕ್ಕೆ ಮನಸೋತವರೂ ಮುಂಗಡ ಕೊಡಲು ಹಿಂಜರಿಯುತ್ತಾರೆ.