ನಿಕ್ ಕೇವ್ ಕಾದಂಬರಿಗಳು: ಎರಡು ಓದಿದೆ, ಒಂದನ್ನು ಕೇಳಿಯೂ ನೋಡಿದೆ

ಆಸ್ಟ್ರೇಲಿಯಾದ ರಾಕ್ ಗಾಯಕ ನಿಕ್ ಕೇವ್ ಹಾಡುಗಳ ಹುಚ್ಚು ಇರುವವರಿಗೆ ಕೊಲೆ, ರಕ್ತ ಹೊಸದಲ್ಲ. 1996ರ 'ಮರ್ಡರ್ ಬ್ಯಾಲಡ್ಸ್' ಆಲ್ಬಮ್‌ನಲ್ಲಿ ಹೆಚ್ಚುಕಡಿಮೆ ಹಾಡಿಗೊಂದು ಹೆಣ ಬೀಳುತ್ತದೆ. ಅದರ 'ಓಮ್ಯಾಲೀಸ್ ಬಾರ್' 14 ನಿಮಿಷಕ್ಕೂ ಜಾಸ್ತಿ. ಒಬ್ಬ ಬಾರಿಗೆ ಬಂದು ಅಲ್ಲಿದ್ದವರನ್ನು ಕೊಲ್ಲುತ್ತಾ ಹೋಗುವ ಕಥೆ. ಅದನ್ನು ಕೇಳುತ್ತಾ ನಾನು ಆರಾಮಾಗಿ ಪಾತ್ರೆ ತೊಳೆದಿದ್ದೇನೆ. ಇಂಥವನ ಕಾದಂಬರಿ ಓದಿ ನಾನು ಬೆಚ್ಚಿಬೀಳುತ್ತೇನಾ ಅಂದುಕೊಂಡಿದ್ದೆ.

ಮೊದಲನೆಯದು 1989ರ 'ಆ್ಯಂಡ್ ದಿ ಆ್ಯಸ್ ಸಾ ದಿ ಏಂಜಲ್'. ಇಪ್ಪತ್ತು ವರ್ಷ ಬಿಟ್ಟು 2009ರಲ್ಲಿ 'ದಿ ಡೆತ್ ಆಫ್ ಬನ್ನಿ ಮನ್ರೋ'. ಎರಡನೆಯದಕ್ಕೆ ಕೇವ್ ತಾನೇ ಓದಿದ ಆಡಿಯೋಬುಕ್ ಕೂಡ ಇದೆ.

ಮೊದಲನೆಯದನ್ನು ನಾನು ಕತ್ತೆ ಪುಸ್ತಕ ಅಂತಲೇ ಕರೆಯುವುದು. ಹೆಸರು ಬೈಬಲ್‌ನ ಬಿಳಾಮನ ಕಥೆಯದು. ದಾರಿಯಲ್ಲಿ ಕತ್ತಿ ಹಿಡಿದು ನಿಂತ ದೇವದೂತ ಕತ್ತೆಗೆ ಕಾಣುತ್ತಾನೆ, ಮೇಲೆ ಕೂತ ಬಿಳಾಮನಿಗೆ ಕಾಣುವುದಿಲ್ಲ. ಅವನು ಕತ್ತೆಗೇ ಹೊಡೆಯುತ್ತಾನೆ. ಆಗ ದೇವರು ಕತ್ತೆಗೆ ಮಾತು ಕೊಡುತ್ತಾನೆ. ಕಾದಂಬರಿಯ ನಾಯಕ ಯೂಕ್ರಿಡ್‌ಗೆ ಆ ಭಾಗ್ಯವೂ ಇಲ್ಲ. ಹುಟ್ಟುಮೂಗ. ಕೆಸರಿನಲ್ಲಿ ಮುಳುಗುತ್ತಾ ತನ್ನ ಕಥೆ ಹೇಳುತ್ತಾನೆ, ಅದು ಓದುವ ನಮಗಷ್ಟೇ ಕೇಳುತ್ತದೆ. ಕಬ್ಬು ಬೆಳೆಯುವ ಕಣಿವೆ, ಕುಡುಕಿ ತಾಯಿ, ಧರ್ಮದ ಅಮಲೇರಿದ ಊರು, ವರ್ಷಗಟ್ಟಲೆ ಬಿಡದ ಮಳೆ. ಊರಿನ ಜನ ಒಬ್ಬ ವೇಶ್ಯೆಯ ಮೇಲೆ ಮುಗಿಬೀಳುವ ಭಾಗ ಓದುವಾಗ ಹೊಟ್ಟೆ ತೊಳಸಿತು.

ಆದರೂ ಓದಿಕೊಂಡು ಹೋದೆ. ಕಾರಣ ಭಾಷೆ. ಅಮೆರಿಕದ ದಕ್ಷಿಣದ ಹಳ್ಳಿ ಮಾತು, 'ಐ' ಅನ್ನುವ ಕಡೆ 'ಆ', ಪಕ್ಕದಲ್ಲೇ ಬೈಬಲ್‌ನ ಗಡಸು ಪದಗಳು. ದಿನಕ್ಕೆ ಹತ್ತು ಪುಟ ಮುಗಿದರೆ ದೊಡ್ಡದು, ನಿಘಂಟು ಪಕ್ಕದಲ್ಲೇ ಬೇಕು. ಯಕ್ಷಗಾನದ ಬಣ್ಣದ ವೇಷ ನೋಡಿದ ಹಾಗೆ. ಆ ಅಬ್ಬರಕ್ಕೆ ಹೆದರಿಕೆ ಆಗುತ್ತದೆ, ಆದರೆ ಕಣ್ಣು ಕೀಳಲು ಆಗುವುದಿಲ್ಲ.

ಬನ್ನಿ ಮನ್ರೋಗೆ ಯಾವ ವೇಷವೂ ಇಲ್ಲ. ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಮನೆಮನೆಗೆ ಹೋಗಿ ಕ್ರೀಮು, ಲೋಷನ್ನು ಮಾರುವವನು. ಕಂಡ ಹೆಂಗಸರ ಮೇಲೆಲ್ಲ ಕಣ್ಣು. ಹೆಂಡತಿ ಆತ್ಮಹತ್ಯೆ ಮಾಡಿಕೊಂಡ ಮೇಲೆ ಒಂಬತ್ತು ವರ್ಷದ ಮಗನನ್ನು ಕಾರಿನಲ್ಲಿ ಕೂರಿಸಿಕೊಂಡು ವ್ಯಾಪಾರಕ್ಕೆ ಹೊರಡುತ್ತಾನೆ. ಹುಡುಗ ವಿಶ್ವಕೋಶ ಓದುತ್ತಾ ಕಾರಲ್ಲೇ ಕಾಯುತ್ತಾನೆ. ಅವನ ಪಾಲಿಗೆ ಅಪ್ಪನೇ ದೇವರು. ಭಾಷೆ ಸಲೀಸು, ಎರಡೇ ದಿನದಲ್ಲಿ ಮುಗಿಯಿತು. ಆದರೆ ಪುಸ್ತಕವನ್ನು ಮೂರು ಸಲ ಮುಚ್ಚಿಟ್ಟಿದ್ದೆ. ಕತ್ತೆ ಪುಸ್ತಕದಲ್ಲಿ ಹಾಗಾಗಲಿಲ್ಲ. ಯೂಕ್ರಿಡ್‌ನಂಥವನು ನಮ್ಮ ಬೀದಿಯಲ್ಲಿ ಸಿಗುವುದಿಲ್ಲ. ಬನ್ನಿ ಸಿಗುತ್ತಾನೆ, ಅಲ್ವಾ?

ಒಂದು ತಮಾಷೆ: ಬನ್ನಿಯ ಹೊಲಸು ಕಲ್ಪನೆಗಳಲ್ಲಿ ಪಾಪ್ ಗಾಯಕಿಯರಾದ ಕೈಲಿ ಮಿನೋಗ್, ಅವ್ರಿಲ್ ಲವಿನ್ ಇಬ್ಬರೂ ಬರುತ್ತಾರೆ. ಪುಸ್ತಕದ ಕೊನೆಗೆ ಕೇವ್ ಇಬ್ಬರ ಕ್ಷಮೆ ಕೇಳಿದ್ದಾನೆ. ಕೈಲಿ 1995ರಲ್ಲಿ ಇವನ ಜೊತೆಗೇ ಹಾಡಿದವಳು!

ಇನ್ನು ಆಡಿಯೋಬುಕ್. ಸಂಗೀತ ಕೇವ್ ಮತ್ತು ಅವನ ಬ್ಯಾಂಡಿನ ಜೊತೆಗಾರ ವಾರೆನ್ ಎಲ್ಲಿಸ್‌ರದು. ಹೆಡ್‌ಫೋನ್ ಹಾಕಿಕೊಂಡೇ ಕೇಳಬೇಕು, ಸದ್ದು ತಲೆಯ ಸುತ್ತ ಓಡಾಡುತ್ತದೆ. ಪುಟದ ಮೇಲೆ ನನಗೆ ನಗು ತರಿಸದ ಎಷ್ಟೋ ಸಾಲು ಅವನ ಬಾಯಲ್ಲಿ ನಗಿಸಿತು. ತೊಂದರೆಯೂ ಅಲ್ಲೇ. ಓದುವಾಗ ಹೊಲಸು ಬಂದರೆ ಕಣ್ಣು ಬೇಗ ಕೆಳಗಿಳಿಯುತ್ತದೆ. ಕಿವಿಗೆ ಆ ಅನುಕೂಲ ಇಲ್ಲ. ಅವನು ಎಷ್ಟು ನಿಧಾನ ಓದುತ್ತಾನೋ ಅಷ್ಟು ನಿಧಾನ ಕೇಳಬೇಕು. ಅದೂ ಇಷ್ಟು ವರ್ಷ ಪ್ರೀತಿಸಿದ ದನಿಯಲ್ಲಿ. ಮೆಟ್ರೋದಲ್ಲಿ ಒಂದು ಕಡೆ ಗಾಬರಿಯಾಗಿ ನಿಲ್ಲಿಸಿ, ಪಕ್ಕದವರಿಗೆ ಕೇಳಿಸಿತಾ ಅಂತ ಸುಮ್ನೆ ಸುತ್ತ ನೋಡಿದೆ.

ಹೊಸಬರು ಬನ್ನಿಯನ್ನು ಮೊದಲು ಓದಿ, ಆಮೇಲೆ ಕೇಳಿ. ತಿರುಗಾಮುರುಗಾ ಮಾಡಿದರೆ ಅರ್ಧಕ್ಕೇ ಬಿಡುತ್ತೀರಿ. ಕತ್ತೆ ಪುಸ್ತಕಕ್ಕೆ ಕೈಹಾಕುವ ಮೊದಲು ಕೇವ್‌ನದೇ 1985ರ 'ಟ್ಯುಪೆಲೋ' ಹಾಡು ಕೇಳಿ ನೋಡಿ. ಅದೇ ಜಡಿಮಳೆ, ಯೂಕ್ರಿಡ್‌ನ ಕಥೆಯ ಹಾಗೆ ಅಲ್ಲೂ ಅವಳಿಯಲ್ಲಿ ಒಂದು ಮಗು ಸಾಯುತ್ತದೆ. ಹಾಡು ಮುಗಿದ ಮೇಲೆ ಇನ್ನೊಮ್ಮೆ ಹಾಕಬೇಕು ಅನ್ನಿಸಿದರೆ ಪುಸ್ತಕ ತಗೊಳ್ಳಿ.