ಪರಿಸರದ ಇಂಗ್ಲಿಷ್ ಕಲಿಯೋಕೆ ಯಾವ ದಾರಿ? ಪಟ್ಟಿ, ಕಾರ್ಡು, ರೇಡಿಯೋ, ವರದಿ ಎಲ್ಲ ಹಿಡಿದು ನೋಡಿದ ಮೇಲೆ

ನಮ್ಮದು ಕೆರೆ, ಜಲಾನಯನದ ಕೆಲಸ ಮಾಡುವ ಚಿಕ್ಕ ಸಂಸ್ಥೆ. ಊರಿನವರ ಜೊತೆ ಮಾತಾಡುವಾಗ ಹೂಳು, ತೂಬು, ಕೋಡಿ, ಅಚ್ಚುಕಟ್ಟು ಅಂದರೆ ಸಾಕು, ಕೆಲಸ ಮುಂದೆ ಹೋಗುತ್ತದೆ. ಅದೇ ಕೆಲಸದ ಬಗ್ಗೆ ದುಡ್ಡು ಕೊಡುವವರಿಗೆ ವರದಿ ಬರೆಯಲು ಕೂತರೆ ಇಂಗ್ಲಿಷ್ ಬೇಕು. ಅದರಲ್ಲೂ ಒಂದು ಬಗೆಯ ಇಂಗ್ಲಿಷ್: ಸಸ್ಟೈನಬಲ್, ರೆಸಿಲಿಯನ್ಸ್ (ಪೆಟ್ಟು ತಿಂದರೂ ಚೇತರಿಸಿಕೊಳ್ಳುವ ಶಕ್ತಿ), ಇಕೋಸಿಸ್ಟಮ್ (ಜೀವಿಗಳೂ ಅವುಗಳ ಸುತ್ತಲಿನ ಪರಿಸರವೂ ಸೇರಿದ ವ್ಯವಸ್ಥೆ), ಮಿಟಿಗೇಶನ್. ಕನ್ನಡ ಮಾಧ್ಯಮದಲ್ಲಿ ಓದಿದ ನನ್ನಂಥವರಿಗೆ ಈ ಪದಗಳು ಪೇಪರಿನಲ್ಲಿ ಕಂಡರೆ ಅರ್ಥವಾಗುತ್ತವೆ. ಬರೆಯುವಾಗ ಮಾತ್ರ ಕೈ ನಿಲ್ಲುತ್ತದೆ. ಯಾವ ಪದದ ಜೊತೆ ಯಾವ ಕ್ರಿಯಾಪದ ಹಾಕಬೇಕು, ತಲೆನೋವು ಇರೋದೇ ಅಲ್ಲಿ.

ಇದಕ್ಕೆ ಪೇಟೆಯಲ್ಲೂ ನೆಟ್‌ನಲ್ಲೂ ಸಿಗುವ ದಾರಿಗಳನ್ನು ಒಂದಾದ ಮೇಲೊಂದು ಹಿಡಿದು ನೋಡಿದೆ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಿದ್ದೇನೆ: ಒಂದು ಪ್ಯಾರಾ ಬರೆಯುವಾಗ ಪದ ತಾನಾಗಿ ನೆನಪಿಗೆ ಬಂತಾ, ಬಂದದ್ದು ಸರಿಯಾದ ಜಾಗದಲ್ಲಿ ಕೂತಿತಾ?

ಮೊದಲು ಪದಪಟ್ಟಿ. 'ಪರಿಸರಕ್ಕೆ ಬೇಕಾದ ನೂರು ಇಂಗ್ಲಿಷ್ ಪದಗಳು' ಅಂತ ಹುಡುಕಿದರೆ ಪಿಡಿಎಫ್‌ಗಳ ರಾಶಿಯೇ ಬೀಳುತ್ತದೆ. ಗ್ಲೋಬಲ್ ವಾರ್ಮಿಂಗ್, ಡಿಫಾರೆಸ್ಟೇಶನ್, ಕಾರ್ಬನ್ ಫುಟ್‌ಪ್ರಿಂಟ್, ಎಂಡೇಂಜರ್ಡ್ ಸ್ಪೀಶೀಸ್, ಎಲ್ಲದರ ಪಕ್ಕ ಒಂದೊಂದು ಸಾಲಿನ ಅರ್ಥ. ಹೆಚ್ಚಿನವು ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆಯುವವರಿಗಾಗಿ ಮಾಡಿದವು. ಆ ಪರೀಕ್ಷೆಯ ಬರವಣಿಗೆಯ ಎರಡನೇ ಪ್ರಶ್ನೆಗೆ 40 ನಿಮಿಷದಲ್ಲಿ ಕನಿಷ್ಠ 250 ಪದ ಬರೆಯಬೇಕು, ಅದರಲ್ಲಿ ಕಾಲು ಭಾಗ ಅಂಕ ಪದಬಳಕೆಗೇ ಮೀಸಲು. ಹಾಗಾಗಿ ಪಟ್ಟಿಗೆ ಗಿರಾಕಿಗಳು ಜಾಸ್ತಿ. ಆದರೆ ಈ ಪಟ್ಟಿ ಮದುವೆಮನೆಯ ಮುಯ್ಯಿ ಪುಸ್ತಕದ ಹಾಗೆ. ಹೆಸರುಗಳೆಲ್ಲ ಇವೆ, ಯಾರು ಯಾರಿಗೆ ಏನಾಗಬೇಕು ಅನ್ನೋದು ಇಲ್ಲ. 'ಎಮಿಶನ್ಸ್' (ಹೊರಬಿಡುವ ಹೊಗೆ, ಅನಿಲ) ಅಂತ ಇದೆ ಸರಿ, ಅದನ್ನು ಕಟ್ (ಇಳಿಸೋದು) ಮಾಡಬಹುದು, ಕರ್ಬ್ (ಹಿಡಿತದಲ್ಲಿ ಇಡೋದು) ಮಾಡಬಹುದು, ಆಫ್‌ಸೆಟ್ ಮಾಡಬಹುದು. ಈ ಮೂರಕ್ಕೂ ವ್ಯತ್ಯಾಸ ಇದೆ. ಆಫ್‌ಸೆಟ್ ಅಂದರೆ ಇಲ್ಲಿ ಬಿಟ್ಟ ಹೊಗೆಗೆ ಬದಲಾಗಿ ಇನ್ನೆಲ್ಲೋ ಮರ ನೆಟ್ಟೋ, ಸೋಲಾರ್‌ಗೆ ದುಡ್ಡು ಕೊಟ್ಟೋ ಲೆಕ್ಕ ಸರಿದೂಗಿಸೋದು. ನಾನು ನೋಡಿದ ಪಟ್ಟಿಗಳಲ್ಲಿ ಇದನ್ನು ಬಿಡಿಸಿ ಹೇಳಿದ್ದು ಕಾಣಲಿಲ್ಲ.

ದುಡ್ಡು ಕೊಟ್ಟು ಸೇರಿದ ಒಂದು ಕೋಚಿಂಗ್ ಕ್ಲಾಸಿನ ಕಥೆಯೂ ಇಷ್ಟೇ. ಅದೇ ಪಟ್ಟಿ, ಸ್ಪೈರಲ್ ಬೈಂಡಿಂಗ್ ಮಾಡಿ ಕೊಟ್ಟರು. ಜೊತೆಗೆ ದೊಡ್ಡ ಪದ ಹಾಕಿದಷ್ಟೂ ಅಂಕ ಅನ್ನುವ ಉಪದೇಶ. ಎಲ್ಲರ ಪ್ರಬಂಧದಲ್ಲೂ 'ಆಂತ್ರೊಪೊಜೆನಿಕ್' ಅನ್ನುವ ಪದ ಮೊದಲ ಸಾಲಿನಲ್ಲೇ ಬಂದು ಕೂರುತ್ತಿತ್ತು. 'ಹ್ಯೂಮನ್-ಮೇಡ್' ಅಂದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಇದರ ಬಗ್ಗೆ ಇಷ್ಟು ಸಾಕು.

ಕಾರ್ಡುಗಳ ವಿಷಯ ಬೇರೆ. ಆಂಕಿ ಅನ್ನುವ ಆ್ಯಪ್ ಕಂಪ್ಯೂಟರಿಗೂ ಆಂಡ್ರಾಯ್ಡ್ ಫೋನಿಗೂ ಪುಕ್ಕಟೆ, ಐಫೋನಿಗೆ ಮಾತ್ರ ದುಡ್ಡು. ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ. ನೆನಪಿದ್ದ ಕಾರ್ಡು ಕೆಲವು ದಿನ ಬಿಟ್ಟು ಬರುತ್ತದೆ, ಮರೆತದ್ದು ಬೇಗ ಬರುತ್ತದೆ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿಕೊಂಡು, ಮರೆವು ಹೇಗೆ ಮೊದಮೊದಲು ಜೋರಾಗಿ ಆಮೇಲೆ ನಿಧಾನವಾಗಿ ಆಗುತ್ತದೆ ಅಂತ ತೋರಿಸಿದ್ದ. ಆ್ಯಪಿನ ಹಿಂದೆ ಇರೋದು ಅದೇ ತಿಳಿವಳಿಕೆ. ನೆನಪಿಗೆ ಇದನ್ನು ಮೀರಿಸಿದ್ದು ನನಗೆ ಸಿಗಲಿಲ್ಲ.

ಇಲ್ಲೂ ಎರಡು ಬಗೆ. ಬೇರೆಯವರು ಮಾಡಿಟ್ಟ ಕಾರ್ಡಿನ ಕಟ್ಟು ಇಳಿಸಿಕೊಂಡರೆ ಮತ್ತೆ ಪಟ್ಟಿಯೇ, ಸ್ವಲ್ಪ ಜಾಣ ಪಟ್ಟಿ. ಓದಿದ್ದರಿಂದ ನಾವೇ ಎತ್ತಿ ಬರೆದ ಕಾರ್ಡು ಮಾತ್ರ ಲೆಕ್ಕಕ್ಕೆ ಬರುತ್ತದೆ. ನನ್ನ ಒಂದು ಕಾರ್ಡು ಹೀಗಿದೆ. ಮುಂದಿನ ಬದಿ: 'ಅನ್‌ಟ್ರೀಟೆಡ್ ಸೂಯೇಜ್ ಈಸ್ ಡ್ಯಾಶ್ ಇಂಟು ದ ಲೇಕ್.' ಹಿಂದಿನ ಬದಿ: 'ಡಿಸ್‌ಚಾರ್ಜ್ಡ್'. ಇದು ಬಂದದ್ದು ಬೆಂಗಳೂರಿನ ಬೆಳ್ಳಂದೂರು ಕೆರೆ ಸುದ್ದಿಯಿಂದ. ಕೆರೆಯ ನೊರೆ ರಸ್ತೆಗೆ ಹಾರಿದ್ದು, 2018ರ ಜನವರಿಯಲ್ಲಿ ಕೆರೆಯಂಗಳಕ್ಕೇ ಬೆಂಕಿ ಬಿದ್ದದ್ದು ನಮಗೆಲ್ಲ ಗೊತ್ತಿರುವ ಸಂಗತಿ. ಗೊತ್ತಿರುವ ಕೆರೆಯ ಮೇಲೆ ಪದ ಕೂತುಬಿಟ್ಟರೆ ಏಳೋದಿಲ್ಲ. ಎಫ್ಲುಯೆಂಟ್ (ಹೊರಬಿಟ್ಟ ಕೊಳಕು ನೀರು), ಫ್ರಾತ್ (ನೊರೆ), ಯುಟ್ರೊಫಿಕೇಶನ್ (ಪೋಷಕಾಂಶ ಹೆಚ್ಚಾಗಿ ಪಾಚಿ, ಕಳೆ ತುಂಬೋದು), ಎನ್‌ಕ್ರೋಚ್‌ಮೆಂಟ್ (ಒತ್ತುವರಿ), ಇವೆಲ್ಲ ಆ ಒಂದೇ ಕೆರೆಯಿಂದ ಸಿಕ್ಕವು.

ಕೇಳಿ ಕಲಿಯೋದಕ್ಕೆ ಬಿಬಿಸಿಯ 'ಸಿಕ್ಸ್ ಮಿನಿಟ್ ಇಂಗ್ಲಿಷ್' ಹಿಡಿದೆ. ಇಬ್ಬರು ಮಾತಾಡುತ್ತಾರೆ, ಶುರುವಿನಲ್ಲಿ ಒಂದು ಪ್ರಶ್ನೆ ಕೇಳಿ ಕೊನೆಗೆ ಉತ್ತರ ಹೇಳುತ್ತಾರೆ, ಮುಗಿಸುವ ಮುಂಚೆ ಹೊಸ ಪದಗಳನ್ನು ಮತ್ತೊಮ್ಮೆ ನೆನಪಿಸುತ್ತಾರೆ. ಮಾತಿನ ಪೂರ್ತಿ ಬರಹವೂ ಸಿಗುತ್ತದೆ. ಉಚ್ಚಾರಣೆಗೆ ಇದನ್ನು ಬಿಟ್ಟರೆ ಇಲ್ಲ. ಬರಗಾಲಕ್ಕೆ ಇಂಗ್ಲಿಷಿನವರು 'ಡ್ರೌಟ್' ಅನ್ನುತ್ತಾರೆ. ಬರೆಯುವ ಅಕ್ಷರ ನೋಡಿದರೆ ಹಾಗೆ ಅನ್ನಬೇಕು ಅಂತ ಯಾರಿಗೆ ಹೊಳೆಯುತ್ತದೆ, ಹೇಳಿ? ಆದರೆ ಅವರ ಪರಿಸರ ಅವರದ್ದು. ಮನೆ ಬೆಚ್ಚಗಿಡುವುದು, ಕಸದ ಬಣ್ಣಬಣ್ಣದ ಡಬ್ಬಿ, ಬಟ್ಟೆ ಕೊಂಡು ಬೇಗ ಬಿಸಾಡುವ ಚಟ, ಇಂಥವೇ ಉದಾಹರಣೆ. ಬತ್ತಿದ ಬೋರ್‌ವೆಲ್, ಫ್ಲೋರೈಡ್ ನೀರು ಅಲ್ಲಿ ಬರೋದು ಕಡಿಮೆ. ಬಸ್ಸಿನಲ್ಲಿ ಕಿವಿಗೆ ಹಾಕಿಕೊಳ್ಳೋಕೆ ಚೆನ್ನಾಗಿದೆ, ವರದಿ ಬರೆಯೋಕೆ ಸಾಲದು.

ಈಗ ಯಾರೂ ಪದ ಕಲಿಯುವ ಪುಸ್ತಕ ಅಂದುಕೊಳ್ಳದ ಜಾಗಕ್ಕೆ ಬರೋಣ: ವಿಶ್ವಸಂಸ್ಥೆಯ ಕಾಗದಪತ್ರ. ನನಗೆ ಹೆಚ್ಚು ಸಿಕ್ಕಿದ್ದು ಇಲ್ಲೇ.

2015ರಲ್ಲಿ ಒಪ್ಪಿಕೊಂಡ ಸುಸ್ಥಿರ ಅಭಿವೃದ್ಧಿ ಗುರಿಗಳು 17. ಅವುಗಳ ಒಳಗೆ 169 ಚಿಕ್ಕ ಗುರಿಗಳಿವೆ. ಎಸ್‌ಡಿಜಿ ಅಂತ ಎಲ್ಲರೂ ಅನ್ನುತ್ತಾರೆ. ಬಣ್ಣದ ಚೌಕಗಳ ಆ ಪೋಸ್ಟರ್ ಎಲ್ಲ ಕಚೇರಿ ಗೋಡೆಯ ಮೇಲೂ ಇದೆ, ಕೆಳಗಿನ ವಾಕ್ಯ ಓದುವವರು ಕಡಿಮೆ. 15ನೇ ಗುರಿಯ ಇಂಗ್ಲಿಷ್ ವಾಕ್ಯ ತೆಗೆದು ನೋಡಿ. ನೆಲದ ಮೇಲಿನ ಇಕೋಸಿಸ್ಟಮ್‌ಗೆ ಹೇಳೋದು 'ಪ್ರೊಟೆಕ್ಟ್, ರಿಸ್ಟೋರ್'. ಕಾಡಿಗೆ 'ಸಸ್ಟೈನಬ್ಲಿ ಮ್ಯಾನೇಜ್'. ಮರುಭೂಮಿಯಾಗುವುದಕ್ಕೆ 'ಕಾಂಬ್ಯಾಟ್'. ಮಣ್ಣು ಹಾಳಾಗುವುದಕ್ಕೆ 'ಹಾಲ್ಟ್ ಅಂಡ್ ರಿವರ್ಸ್'. ಜೀವವೈವಿಧ್ಯ ನಷ್ಟಕ್ಕೆ ಬರೀ 'ಹಾಲ್ಟ್'. ಕೊನೆಯ ಎರಡನ್ನು ಗಮನಿಸಿ. ಕೆಟ್ಟ ಮಣ್ಣನ್ನು ಬದು ಹಾಕಿ, ಗೊಬ್ಬರ ಕೊಟ್ಟು ಹಿಂದಕ್ಕೆ ತರಬಹುದು. ಅಳಿದುಹೋದ ಪ್ರಾಣಿಯನ್ನು ಹಿಂದಕ್ಕೆ ತರೋಕಾಗಲ್ಲ, ಅಳಿಯೋದನ್ನು ನಿಲ್ಲಿಸಬಹುದು ಅಷ್ಟೇ. ಬರೆದವರ ಮನಸ್ಸಿನಲ್ಲಿ ಇದೇ ಇತ್ತೋ ಏನೋ, ನಾನಂತೂ ಹೀಗೆ ಓದಿಕೊಂಡೆ, ಆಮೇಲೆ ಮರೆಯಲಿಲ್ಲ. ಬಯಲುಸೀಮೆಯ ಜಲಾನಯನ ವರದಿಗೆ ಬೇಕಾದ ಕ್ರಿಯಾಪದಗಳಲ್ಲಿ ಅರ್ಧ ಈ ಒಂದು ವಾಕ್ಯದಲ್ಲೇ ಇವೆ. ಕುಡಿಯುವ ನೀರಿನ ಕೆಲಸ ಮಾಡುವವರು 6ನೇ ಗುರಿ ಹಿಡಿಯಲಿ. ಅದರ ಮೊದಲ ಚಿಕ್ಕ ಗುರಿಯಲ್ಲೇ 'ಯೂನಿವರ್ಸಲ್ ಅಂಡ್ ಈಕ್ವಿಟಬಲ್ ಆಕ್ಸೆಸ್' ಸಿಗುತ್ತದೆ, 'ಸೇಫ್ ಅಂಡ್ ಅಫೋರ್ಡಬಲ್' ಸಿಗುತ್ತದೆ.

ಸಸ್ಟೈನಬಲ್ ಡೆವಲಪ್‌ಮೆಂಟ್ ಅನ್ನುವುದನ್ನು ಒಂದು ಸಾಲಿನಲ್ಲಿ ಹೇಳಿ ಅಂದರೆ ಇವತ್ತಿಗೂ ಎಲ್ಲರೂ ಹೋಗೋದು 1987ರ ಬ್ರಂಟ್‌ಲ್ಯಾಂಡ್ ಆಯೋಗದ ವರದಿಗೆ. ನಾರ್ವೆಯ ಆಗಿನ ಪ್ರಧಾನಿ ಗ್ರೋ ಹಾರ್ಲೆಮ್ ಬ್ರಂಟ್‌ಲ್ಯಾಂಡ್ ಅದರ ಅಧ್ಯಕ್ಷೆ. ಮುಂದಿನ ಪೀಳಿಗೆಯವರು ತಮ್ಮ ಅಗತ್ಯ ಪೂರೈಸಿಕೊಳ್ಳುವ ಶಕ್ತಿಗೆ ಧಕ್ಕೆ ತಾರದೆ ಇವತ್ತಿನವರ ಅಗತ್ಯ ಪೂರೈಸುವ ಅಭಿವೃದ್ಧಿ, ಇದು ಆ ವಾಕ್ಯದ ತಿರುಳು. ಅದರ ಇಂಗ್ಲಿಷ್ ಬಾಯಿಪಾಠ ಮಾಡಿಬಿಡಿ. ಬಾಯಿಪಾಠ ಮಾಡಲು ಯೋಗ್ಯವಾದ ಕೆಲವೇ ವಾಕ್ಯಗಳಲ್ಲಿ ಅದೊಂದು.

ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ವಿಜ್ಞಾನ ಸಮಿತಿ ಐಪಿಸಿಸಿ. ಅದರ ವರದಿಗಳ ಕೊನೆಯ ಪದಕೋಶ ಇನ್ನೂ ಬಿಗಿ. ಪುಕ್ಕಟೆ ಸಿಗುತ್ತದೆ, ಆದರೆ ಓದೋಕೆ ಕಷ್ಟ. ಒಂದೊಂದು ಅರ್ಥವೂ ಕೋರ್ಟಿನ ಆದೇಶದಂತೆ ಉದ್ದುದ್ದ. ಆದರೂ ಮಿಟಿಗೇಶನ್ ಮತ್ತು ಅಡಾಪ್ಟೇಶನ್ ವಿಷಯಕ್ಕೆ ಅದೇ ಬೇಕು. ಹಸಿರುಮನೆ ಅನಿಲ ಕಡಿಮೆ ಮಾಡೋದು, ಅಥವಾ ಅದನ್ನು ಹೀರಿಕೊಳ್ಳುವ ಕಾಡಿನಂಥವನ್ನು ಹೆಚ್ಚಿಸೋದು ಮಿಟಿಗೇಶನ್. ಬದಲಾದ ಹವಾಮಾನಕ್ಕೆ ನಾವು ಹೊಂದಿಕೊಳ್ಳೋದು ಅಡಾಪ್ಟೇಶನ್. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಮೊದಲನೆಯದು. ಮಳೆ ಕೈಕೊಟ್ಟರೂ ಬರುವ ರಾಗಿ ತಳಿ, ಹೂಳೆತ್ತಿದ ಕೆರೆ ಎರಡನೆಯದು. ಒಂದು ತೊಡಕು ಮಾತ್ರ ಇದೆ. ರಸ್ತೆ, ಅಣೆಕಟ್ಟಿನ ಪರಿಸರ ಪರಿಣಾಮ ವರದಿಯಲ್ಲಿ 'ಮಿಟಿಗೇಶನ್ ಮೆಶರ್ಸ್' ಅಂದರೆ ಆ ಯೋಜನೆಯಿಂದ ಆಗುವ ಹಾನಿ ತಗ್ಗಿಸುವ ಕ್ರಮಗಳು. ಪದ ಅದೇ, ಸಂದರ್ಭ ಬೇರೆ.

ಇಂಥ ಸಣ್ಣ ವ್ಯತ್ಯಾಸಕ್ಕೆ ಎಷ್ಟು ತೂಕ ಅಂತ ನೋಡಬೇಕಿದ್ದರೆ 2021ರ ಗ್ಲಾಸ್ಗೊ ಹವಾಮಾನ ಸಮ್ಮೇಳನ ನೆನಪಿಸಿಕೊಳ್ಳಿ. ಕಲ್ಲಿದ್ದಲು ವಿದ್ಯುತ್ ಬಗ್ಗೆ 'ಫೇಸ್ ಔಟ್' ಅಂತ ಬರೆದಿದ್ದ ಕರಡು ಭಾರತದ ಒತ್ತಾಯದಿಂದ ಕೊನೆ ಗಳಿಗೆಯಲ್ಲಿ 'ಫೇಸ್ ಡೌನ್' ಆಯಿತು. ಪೂರ್ತಿ ನಿಲ್ಲಿಸುವ ಮಾತು ಇಳಿಸುತ್ತಾ ಹೋಗುವ ಮಾತಾಯಿತು. ಅದೇ ಸಮ್ಮೇಳನದಲ್ಲಿ ಭಾರತ 2070ಕ್ಕೆ 'ನೆಟ್ ಝೀರೊ' (ಬಿಟ್ಟಷ್ಟು ಹಸಿರುಮನೆ ಅನಿಲವನ್ನು ಹೀರಿ ಲೆಕ್ಕ ಸೊನ್ನೆ ಮಾಡೋದು) ಅಂತ ಘೋಷಿಸಿದ್ದು. ಈ ಸುದ್ದಿಯನ್ನು ಒಮ್ಮೆ ಇಂಗ್ಲಿಷಿನಲ್ಲಿ ಓದಿದವರು ಔಟ್, ಡೌನ್ ಅದಲುಬದಲು ಮಾಡಲ್ಲ.

ಕಾಗದಪತ್ರ ಭಾರ ಅನ್ನಿಸಿದವರಿಗೆ ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ಭಾರತದ ಅರ್ಥವ್ಯವಸ್ಥೆ ಪುಸ್ತಕ ಇದೆ. ಅದರಲ್ಲಿ ಪರಿಸರ ಮತ್ತು ಸುಸ್ಥಿರ ಅಭಿವೃದ್ಧಿಗೇ ಒಂದು ಅಧ್ಯಾಯ. ಕ್ಯಾರಿಯಿಂಗ್ ಕೆಪಾಸಿಟಿ (ಪರಿಸರ ಎಷ್ಟು ಬಳಕೆ ತಾಳಬಲ್ಲದು), ಅಬ್ಸಾರ್ಪ್ಟಿವ್ ಕೆಪಾಸಿಟಿ (ಎಷ್ಟು ಕಸ, ಹೊಲಸು ಅರಗಿಸಿಕೊಳ್ಳಬಲ್ಲದು) ಎರಡನ್ನೂ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿದ್ದಾರೆ. ನಮ್ಮ ಶಿರಸಿ ಕಡೆಯ ಸಲ್ಕಣಿ ಕಾಡಿನಲ್ಲಿ 1983ರ ಸೆಪ್ಟೆಂಬರಿನಲ್ಲಿ ಜನ ಮರ ತಬ್ಬಿಕೊಂಡು ನಿಂತ ಅಪ್ಪಿಕೋ ಚಳವಳಿಯೂ ಅಲ್ಲಿ ಬರುತ್ತದೆ. ಇಂಗ್ಲಿಷಿನ ಭಯ ಇರುವವರು ಶುರು ಮಾಡೋಕೆ ಇದಕ್ಕಿಂತ ಸಲೀಸಾದ್ದು ನಾನು ನೋಡಿಲ್ಲ.

ಇನ್ನು ಪತ್ರಿಕೆ. ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆಯ ನೆರವಿನಿಂದ 1992ರಲ್ಲಿ ಶುರುವಾದ 'ಡೌನ್ ಟು ಅರ್ತ್' ಒಂದು, ಆನ್‌ಲೈನಿನ 'ಮೊಂಗಾಬೇ ಇಂಡಿಯಾ' ಇನ್ನೊಂದು. ಮೊದಲನೆಯದರಲ್ಲಿ ನೀತಿ, ಅಂಕಿಅಂಶ ಜಾಸ್ತಿ, ವಾಕ್ಯ ಕೊಂಚ ಗಡುಸು. ಎರಡನೆಯದು ಜಾಗಕ್ಕೆ ಹೋಗಿ ಜನರನ್ನು ಮಾತಾಡಿಸಿ ಬರೆದ ವರದಿ, ಓದೋಕೆ ಹಗುರ. ಬರವಣಿಗೆ ಕಲಿಯುವವರಿಗೆ ಎರಡನೆಯದೇ ನನ್ನ ಆಯ್ಕೆ. ಓದುವ ಕ್ರಮ ಒಂದು ಇದೆ: ಸುದ್ದಿಯನ್ನು ಮೊದಲು ಕನ್ನಡ ಪೇಪರಿನಲ್ಲಿ ಓದಿ, ಆಮೇಲೆ ಅದರದ್ದೇ ಇಂಗ್ಲಿಷ್ ವರದಿ ಹುಡುಕಿ. ಪಶ್ಚಿಮ ಘಟ್ಟ ಉಳಿಸುವ ಬಗ್ಗೆ ಬಂದ ಕಸ್ತೂರಿರಂಗನ್ ವರದಿ ಮಲೆನಾಡಿನವರಿಗೆ ಹೊಸದಾಗಿ ಹೇಳಬೇಕಾ? ಜಗಳವೆಲ್ಲ ಗೊತ್ತಿರುವಾಗ 'ಇಕೋ ಸೆನ್ಸಿಟಿವ್ ಏರಿಯಾ', 'ಡ್ರಾಫ್ಟ್ ನೋಟಿಫಿಕೇಶನ್', 'ರೆಡ್ ಕ್ಯಾಟಗರಿ ಇಂಡಸ್ಟ್ರಿ' (ಹೆಚ್ಚು ಮಾಲಿನ್ಯ ಮಾಡುವ ಕೈಗಾರಿಕೆ) ಎಲ್ಲ ಡಿಕ್ಷನರಿ ತೆಗೆಯದೆ ಅರ್ಥವಾಗುತ್ತವೆ. ಗೊತ್ತಿಲ್ಲದ ವಿಷಯವನ್ನೂ ಗೊತ್ತಿಲ್ಲದ ಭಾಷೆಯನ್ನೂ ಒಟ್ಟಿಗೆ ತಲೆಗೆ ತುಂಬುವ ಕಷ್ಟ ತಪ್ಪುತ್ತದೆ.

ಹಾಗಾದರೆ ಯಾರಿಗೆ ಯಾವುದು? ಮುಂದಿನ ತಿಂಗಳೇ ಐಇಎಲ್‌ಟಿಎಸ್ ಇದ್ದರೆ ಪಟ್ಟಿಯ ಬದಲು ಎಸ್‌ಡಿಜಿಯ ಹದಿನೇಳು ವಾಕ್ಯ ಓದಿ, ಮಾತಿನ ಪರೀಕ್ಷೆಗೆ ಬಿಬಿಸಿ ಕೇಳಿ. ಸ್ಪರ್ಧಾತ್ಮಕ ಪರೀಕ್ಷೆಯವರಿಗೆ ಎನ್‌ಸಿಇಆರ್‌ಟಿ, ಮೇಲೆ ಡೌನ್ ಟು ಅರ್ತ್. ನಮ್ಮ ಹಾಗೆ ವರದಿ ಬರೆಯುವವರಿಗೆ ಎಸ್‌ಡಿಜಿ, ಮೊಂಗಾಬೇ, ಅವುಗಳಿಂದ ತಾವೇ ಮಾಡಿದ ಕಾರ್ಡು. ಐಪಿಸಿಸಿ ಪದಕೋಶ ಪಕ್ಕದಲ್ಲಿರಲಿ, ಸಂಶಯ ಬಂದಾಗ ತೆಗೆದರೆ ಸಾಕು. ಕೋಚಿಂಗ್ ಕ್ಲಾಸಿಗೆ ಕೊಡುವ ದುಡ್ಡು ಡೇಟಾ ಪ್ಯಾಕಿಗೆ ಹಾಕಿ. ಆ್ಯಪ್ ಆಗಿ ಬರದವರು ಎರಡು ರಟ್ಟಿನ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಖಾಲಿ ಬಿಟ್ಟ ವಾಕ್ಯ, ಬಲಕ್ಕೆ ಉತ್ತರ ಬರೆದು ಕೈಯಲ್ಲಿ ಮುಚ್ಚಿಕೊಂಡು ಓದಿದರೂ ನಡೆಯುತ್ತದೆ. ನಮ್ಮ ಆಫೀಸಿನ ಅಕ್ಕ ಒಬ್ಬರು ಹಾಗೇ ಮಾಡುತ್ತಾರೆ, ಈಗ ನನ್ನ ಕರಡು ತಿದ್ದೋದು ಅವರೇ.